ಅಟ್ಟ ಖಾಲಿ ಮಾಡಿದ ಮೂರು ದಿನ

1/9

ಮೊದಲನೇ ಫೋಟೋದಲ್ಲಿ ಕಾಣ್ತಿರೋದು ನಮ್ಮಜ್ಜಿ ಮನೆ ಅಟ್ಟ. ಸಾಗರ ತಾಲ್ಲೂಕಿನ ಒಂದು ಹಳ್ಳಿ, ಹಳೇ ಹೆಂಚಿನ ಮನೆ. ಈ ಸಲ ಮಳೆಗಾಲಕ್ಕೆ ಮುಂಚೆ ಮಾಡು ಇಳಿಸಿ ತಾರಸಿ ಹಾಕಿಸ್ತೀನಿ ಅಂತ ಮಾವ ಗಟ್ಟಿ ಮನಸ್ಸು ಮಾಡಿದ್ರು. ಮಾಡು ಇಳೀಬೇಕಂದ್ರೆ ಅಟ್ಟ ಖಾಲಿ ಆಗಬೇಕು. ನಂಗೆ ಸೆಮಿಸ್ಟರ್ ರಜೆ. "ಅದನ್ನ ನಂಗೆ ಬಿಡಿ" ಅಂದೆ.

ಯಾಕಂದ್ರೆ ನಾನು ಎಕ್ಸ್‌ಪರ್ಟ್ ಅಲ್ವಾ! ಎರಡು ವರ್ಷದಿಂದ ಡಿಕ್ಲಟರಿಂಗ್ ವಿಡಿಯೋ ನೋಡಿದ್ದೇ ನೋಡಿದ್ದು. ಹಾಸ್ಟೆಲ್ ರೂಮಿನ ಕಪಾಟು ಜೋಡಿಸಿದ ನನ್ನ ರೀಲ್ ನಿಮ್ಮಲ್ಲಿ ಸುಮಾರು ಜನ ಲೈಕ್ ಮಾಡಿದ್ರಿ. ಜಪಾನಿನ ಮಾರಿ ಕೊಂಡೊ ಹೇಳೋ ಹಾಗೆ, ಕೋಣೆ ಕೋಣೆಯಾಗಿ ಅಲ್ಲ, ಬಟ್ಟೆ, ಪುಸ್ತಕ, ಕಾಗದ, ಚಿಲ್ಲರೆ ಸಾಮಾನು, ಕೊನೆಗೆ ನೆನಪಿನ ವಸ್ತು ಅಂತ ಬಗೆ ಬಗೆಯಾಗಿ ವಿಂಗಡಿಸೋದು. ಒಂದೊಂದನ್ನೂ ಕೈಯಲ್ಲಿ ಹಿಡಿದು, ಇದರಿಂದ ಖುಷಿ ಆಗುತ್ತಾ ಅಂತ ಕೇಳ್ಕೊಳ್ಳೋದು. ಕಾಗದದ ವಿಷಯಕ್ಕೆ ಬಂದ್ರೆ ಅವರ ಸಲಹೆ ಇನ್ನೂ ಸಲೀಸು: ಹೆಚ್ಚುಕಮ್ಮಿ ಎಲ್ಲಾ ಎಸೆದುಬಿಡಿ.

ಇದನ್ನೆಲ್ಲ ಮಾವನಿಗೆ ವಿವರಿಸಿದೆ. ಅವರು ಕವಳ ಜಗೀತಾ ಕೇಳಿದ್ರು, "ಯಾರೇ ಅದು, ಮಾರಿಕೊಂಡು? ಹಂಗಾದ್ರೆ ಎಲ್ಲಾ ಮಾರ್ಕೊಂಡು ಹೋಗದೇ ಅಲ್ವೇನೆ?"

ಮೂರು ರಾಶಿ ಮಾಡೋದು ಅಂತ ತೀರ್ಮಾನ ಆಯ್ತು. ಇಟ್ಟುಕೊಳ್ಳೋದು, ಗುಜರಿ, ಸುಡೋದು. ಈ ಸರಣಿ ಆ ಮೂರನೇ ರಾಶಿ ಬಗ್ಗೆ.

2/9

ಮಲೆನಾಡಿನ ಅಟ್ಟ ನೋಡದೇ ಇರೋರಿಗೆ ಒಂದು ಮಾತು. ಅದು ನಿಮ್ಮ ಅಪಾರ್ಟ್‌ಮೆಂಟಿನ ಬಾತ್‌ರೂಮ್ ಮೇಲಿರೋ ಲಾಫ್ಟ್ ಥರ ಅಲ್ಲ. ಇಡೀ ಮನೆಯ ಮೇಲೆ ಇನ್ನೊಂದು ಮನೆ ಇದ್ದ ಹಾಗೆ. ಕೆಳಗೆ ಒಲೆ ಉರೀತಿದ್ರೆ ಹೊಗೆ ಮೇಲೆ ಬಂದು ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತೆ. ಆ ಹೊಗೆಯಿಂದ ಮರ ಕಪ್ಪಾಗುತ್ತೆ, ಆದ್ರೆ ಹುಳ ಹತ್ತಲ್ಲ. ಅದಕ್ಕೇ ಬೀಜದ ಭತ್ತದಿಂದ ಹಿಡಿದು ಹಳೇ ಪತ್ರದವರೆಗೆ ಕಾಪಾಡಬೇಕಾದ್ದೆಲ್ಲ ಅಲ್ಲೇ. ಗ್ಯಾಸ್ ಒಲೆ ಬಂದು ಹೊಗೆ ನಿಂತ ಮೇಲೆ ಗೆದ್ದಲು ಬಂತು. ಇದನ್ನ ಅಜ್ಜಿ ಹೇಳಿದ್ದು, ನಾನು ಬರೀ ತಲೆ ಆಡಿಸಿದ್ದು.

ಮೊದಲನೇ ದಿನ ಸಲೀಸು. ತಳ ತೂತಾದ ಹಂಡೆ, ಮುರಿದ ಮರಿಗೆ, ಬುಟ್ಟಿ, ಕಂಬಳಿ, ಒಡೆದ ಲಾಟೀನು. ಎರಡನೇ ದಿನ ಒಂದು ಮರದ ಪೆಟ್ಟಿಗೆ ಸಿಕ್ತು. ಮೇಲುಗಡೆ ಕಾಗದದ ಕಟ್ಟುಗಳು, ಅಡಿಯಲ್ಲಿ ದಪ್ಪ ಕಪ್ಪು ರಟ್ಟಿನ ಥರದ್ದು, ಮಡಿಕೆ ಮಡಿಕೆಯಾಗಿ. ಯಾವುದೋ ಹಳೇ ಫೈಲಿನ ಹೊದಿಕೆ ಅಂದ್ಕೊಂಡೆ. ಧೂಳು ಕೂತಿತ್ತು. ಒದ್ದೆ ಬಟ್ಟೆ ತಗೊಂಡು ಮೊದಲನೇ ಮಡಿಕೆ ಒರೆಸಿದೆ. ಬಟ್ಟೆ ಬೆಳ್ಳಗಾಯ್ತು. ಎಷ್ಟು ಧೂಳಪ್ಪ ಅಂತ ಎರಡನೇದನ್ನ ಒರೆಸಿದೆ. ಮೂರನೇದು ಅರ್ಧ ಒರೆಸೋ ಹೊತ್ತಿಗೆ ಕಣ್ಣಿಗೆ ಬಿತ್ತು. ಉಳಿದರ್ಧದಲ್ಲಿ ಅಕ್ಷರ ಇತ್ತು. ಬಿಳೀ ಅಕ್ಷರ, ಸಾಲು ಸಾಲು.

ಧೂಳಲ್ಲ, ಬರಹವನ್ನೇ ಒರೆಸ್ತಿದ್ದೆ.

ಕೆಳಗಿಂದ ಅಜ್ಜಿ "ಏನಾತೇ?" ಅಂದ್ರು. ತೋರಿಸಿದೆ. "ಅಯ್ಯೋ, ಅದು ಕಡತ ಕಣೇ. ನೀರು ತಾಗಿಸ್ಬಾರ್ದು" ಅಂದ್ರು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

3/9

ಹಿಸ್ಟರಿ ಕ್ಲಾಸಿನಲ್ಲಿ 'ಕಡತ' ಅನ್ನೋ ಪದ ಬರ್ಕೊಂಡು ಐದು ಮಾರ್ಕ್ಸ್ ತಗೊಂಡವಳು ನಾನು. ಕೈಯಲ್ಲಿ ಹಿಡಿದಾಗ ಗುರುತು ಸಿಗಲಿಲ್ಲ. ಹಾಗಾಗಿ ನಿಮಗೂ ಸರಿಯಾಗಿ ಹೇಳ್ತೀನಿ.

ಕಡತ ಅಂದ್ರೆ ಬಟ್ಟೆಯ ಪುಸ್ತಕ. ಉದ್ದನೆ ಬಟ್ಟೆಗೆ ಹುಣಸೆ ಬೀಜದ ಹಿಟ್ಟಿನ ಅಂಟು, ಅದಕ್ಕೆ ಇದ್ದಿಲ ಪುಡಿ ಸೇರಿಸಿ ಬಳೀತಾರೆ. ಒಣಗಿದ ಮೇಲೆ ಗಟ್ಟಿ ಕಪ್ಪು ಹಲಗೆ ಥರ ಆಗುತ್ತೆ. ಅದನ್ನ ಬೀಸಣಿಗೆ ಹಾಗೆ ಹಿಂದೆ ಮುಂದೆ ಮಡಚಿದ್ರೆ ಪುಸ್ತಕ. ಬರೆಯೋದು ಬಳಪದಲ್ಲಿ. ತಾಳೆಗರಿಗೆ ಕಂಠದಿಂದ ಕೊರೆದು ಬರೀಬೇಕು, ಅಲ್ಲಿ ತಪ್ಪು ತಿದ್ದೋದು ಕಷ್ಟ. ಕಡತದಲ್ಲಿ ಹಾಗಲ್ಲ, ಬೇಡದ್ದನ್ನ ಒರೆಸಿ ಮತ್ತೆ ಬರೀಬಹುದು. ಲೆಕ್ಕಪತ್ರಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಊರಿನ ಶಾನುಭೋಗರು, ಮಠದ ಕಾರಕೂನರು, ಅಂಗಡಿಯವರು, ಎಲ್ಲರ ಲೆಕ್ಕವೂ ಇದರಲ್ಲೇ. ಒರೆಸಬಹುದು ಅನ್ನೋ ಅದೇ ಅನುಕೂಲವೇ ನನ್ನ ಕೈಯಲ್ಲಿ ಅದಕ್ಕೆ ಮುಳುವಾಯ್ತು.

ಇವತ್ತಿಗೂ ತಾಲ್ಲೂಕು ಆಫೀಸಿನಲ್ಲಿ ಫೈಲಿಗೆ ಕನ್ನಡದಲ್ಲಿ ಏನಂತಾರೆ ನೋಡಿ. ಕಡತ! 'ಕಡತ ವಿಲೇವಾರಿ' ಅಂತ ಪೇಪರಲ್ಲಿ ಓದ್ತೀವಲ್ಲ, ಆ ಪದ ಈ ಕಪ್ಪು ಬಟ್ಟೆಯದ್ದು. ನಮ್ಮ ಕಡೆಗೇ ಸೇರಿದ ಇನ್ನೊಂದು ಪದವೂ ಇದೆ. 'ಶಿಸ್ತು'. ರೂಮ್ ನೀಟಾಗಿ ಇಟ್ಕೊಳ್ಳೋದಕ್ಕೆ ನಾವು ಬಳಸೋ ಶಿಸ್ತು. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಭೂಮಿಯ ಫಲವತ್ತತೆ ನೋಡಿ ಕಂದಾಯ ಗೊತ್ತು ಮಾಡಿದ, ಆ ಕಂದಾಯದ ಏರ್ಪಾಡಿಗೂ 'ಶಿವಪ್ಪನಾಯಕನ ಶಿಸ್ತು' ಅಂತಲೇ ಹೆಸರು. ಯಾವ ಗದ್ದೆ ಯಾರದು, ಎಷ್ಟು ಕೊಡಬೇಕು ಅಂತ ಬರೆದಿಟ್ಟರೇನೇ ಶಿಸ್ತು.

ಇಂಥ ಕಟ್ಟುಗಳಿಂದ ಏನೇನು ಹೊರಗೆ ಬಂದಿದೆ ಅನ್ನೋದಕ್ಕೆ ಪಕ್ಕದ ಶೃಂಗೇರಿಯೇ ಸಾಕ್ಷಿ. 1791ರಲ್ಲಿ ಮರಾಠಾ ಸೈನ್ಯದ ಒಂದು ತುಕಡಿ ಶೃಂಗೇರಿಯನ್ನ ಲೂಟಿ ಮಾಡಿತ್ತು. ಆಗ ಟಿಪ್ಪು ಸುಲ್ತಾನ್ ಮಠದ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು ನೂರಕ್ಕೂ ಹೆಚ್ಚು ವರ್ಷ ಅಲ್ಲೇ ಕಟ್ಟಿನಲ್ಲಿ ಇದ್ದವು. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ನೋಡಿದ ಮೇಲೇ ಹೊರಗಿನವರಿಗೆ ಗೊತ್ತಾಗಿದ್ದು. ಟಿಪ್ಪು ಬಗ್ಗೆ ಯಾರು ಯಾವ ಕಡೆ ನಿಂತು ವಾದ ಮಾಡಿದ್ರೂ ಆ ಪತ್ರಗಳನ್ನ ದಾಟಿ ಹೋಗೋಕಾಗಲ್ಲ. ಮಧ್ಯೆ ಯಾರಾದ್ರೂ ಒಬ್ಬರು ಉತ್ಸಾಹದಿಂದ ಕ್ಲೀನ್ ಮಾಡಿದ್ರೆ?

4/9

ಅದೇ ಪೆಟ್ಟಿಗೆಯಲ್ಲಿ ಎರಡು ಮರದ ಪಟ್ಟಿಗಳಿದ್ದವು. ನಾಲ್ಕನೇ ಫೋಟೋ. ಸಣ್ಣ ಸ್ಕೇಲಿನಷ್ಟು ಉದ್ದ, ಎರಡರಲ್ಲೂ ತೂತು. ತಾಳೆಗರಿ ಕಟ್ಟಿನ ಮೇಲೆ ಕೆಳಗೆ ಇಡೋ ಹಲಗೆ ಅವು. ಮಧ್ಯೆ ಗರಿ ಇಲ್ಲ.

ಅಜ್ಜಿಗೆ ನೆನಪಿದೆ. "ನಾ ಮದುವೆಯಾಗಿ ಬಂದ ವರ್ಷ ಹೊಳೆಗೆ ಬಿಟ್ರು. ಯಾರಿಗೂ ಓದಕ್ ಬರ್ತಿರ್ಲಿಲ್ಲ. ಪುಡಿಪುಡಿ ಆಗಿತ್ತು. ಹಲಗೆ ಗಟ್ಟಿ ಇತ್ತಲ್ಲ, ಅದಕ್ಕೆ ಇಟ್ಕೊಂಡ್ರು."

ಹೊಳೆಗೆ ಬಿಡೋದು ಅವಮಾನ ಅಲ್ಲ, ಗೌರವ. ಮುಕ್ಕಾದ ದೇವರ ವಿಗ್ರಹವನ್ನ ನೀರಿಗೆ ಬಿಡೋ ಹಾಗೆ. ಒಂದು ಕಾಲದಲ್ಲಿ ಇದರಿಂದ ನಷ್ಟವೂ ಇರಲಿಲ್ಲ. ನಮ್ಮ ಹವೆಯಲ್ಲಿ ತಾಳೆಗರಿ ಕೆಲವು ನೂರು ವರ್ಷಕ್ಕಿಂತ ಹೆಚ್ಚು ಬಾಳೋದು ಅಪರೂಪ. ಹುಳ, ತೇವ, ಅಂಚು ಮುರಿಯೋದು. ಅದಕ್ಕೇ ಹಳೇದರಿಂದ ಹೊಸ ಗರಿಗೆ ಪ್ರತಿ ಮಾಡಿಕೊಂಡು, ಆಮೇಲೆ ಹಳೇದನ್ನ ನೀರಿಗೆ ಬಿಡ್ತಿದ್ರು. ಪಂಪನ ಕಾವ್ಯ ಹತ್ತನೇ ಶತಮಾನದಿಂದ ನಮ್ಮವರೆಗೆ ಬಂದಿದ್ದು ಯಾವುದೋ ಒಂದೇ ಪ್ರತಿ ಗಟ್ಟಿಯಾಗಿ ಉಳಿದಿದ್ದರಿಂದ ಅಲ್ಲ. ತಲೆಮಾರಿಗೊಬ್ಬರು ಕೂತು ಬರೆದಿದ್ದರಿಂದ. ಯಾವುದನ್ನ ಪ್ರತಿ ಮಾಡಬೇಕು ಅಂತ ಯಾರಿಗೂ ಅನಿಸಲಿಲ್ಲವೋ ಅದು ಹೋಯ್ತು.

ಹತ್ತೊಂಬತ್ತನೇ ಶತಮಾನದಲ್ಲಿ ಅಚ್ಚಿನ ಪುಸ್ತಕ ಬಂತು, ಕಾಗದ ಅಗ್ಗ ಆಯ್ತು, ಶಾಲೆಯಲ್ಲಿ ಕಲಿಸೋ ಅಕ್ಷರದ ರೂಪ ಬೇರೆ ಆಯ್ತು. ಪ್ರತಿ ಮಾಡೋರು ನಿಂತ್ರು. ನೀರಿಗೆ ಬಿಡೋ ರೂಢಿ ಮಾತ್ರ ನಿಲ್ಲಲಿಲ್ಲ. ಅಪಾಯ ಇದ್ದಿದ್ದು ಇಲ್ಲೇ. ತಮಿಳಿನ ದೊಡ್ಡ ವಿದ್ವಾಂಸ ಉ.ವೇ. ಸ್ವಾಮಿನಾಥ ಅಯ್ಯರ್ ತಮ್ಮ ಆತ್ಮಕಥೆಯಲ್ಲಿ ಇಂಥದ್ದನ್ನ ನೋವಿನಿಂದ ಬರ್ಕೊಂಡಿದ್ದಾರೆ. ಹಳೇ ಕಾವ್ಯ ಹುಡುಕ್ತಾ ಊರೂರು ಸುತ್ತಿದಾಗ ಒಂದು ಕಡೆ ಗರಿಗಳನ್ನ ಬೆಂಕಿಗೆ ಆಹುತಿ ಕೊಟ್ಟಿದ್ರು, ಇನ್ನೊಂದು ಕಡೆ ಆಷಾಢದ ಹಬ್ಬಕ್ಕೆ ಹೊಳೆಗೆ ಬಿಟ್ಟಿದ್ರು.

5/9

ನಮ್ಮಲ್ಲೂ ಒಬ್ಬರು ಹಾಗೆ ಸುತ್ತಿದ್ರು. ಫ.ಗು. ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಿಜಾಪುರದಲ್ಲಿ ವಕೀಲಿ ಮಾಡ್ತಿದ್ದವರು. ವಚನಗಳ ತಾಳೆಗರಿ ಕಟ್ಟುಗಳು ಆಗ ಮನೆಗಳಲ್ಲಿ, ಮಠಗಳಲ್ಲಿ ಇದ್ದವು. ಎಷ್ಟೋ ಮನೆಗಳಲ್ಲಿ ಅವು ಓದೋ ವಸ್ತು ಆಗಿರಲಿಲ್ಲ, ಪೂಜೆಯ ವಸ್ತು ಆಗಿದ್ದವು. ಬಟ್ಟೆ ಬಿಚ್ಚೋದೇ ಇಲ್ಲ, ವಿಭೂತಿ ಹಚ್ಚಿ ಕೈ ಮುಗಿಯೋದು. ಹಳಕಟ್ಟಿಯವರು ಮನೆ ಮನೆಗೆ ಹೋಗಿ ಕೇಳಿ, ಓದಿ, ಹೋಲಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಪ್ರಕಟಿಸಿದ್ರು. 1925ರಲ್ಲಿ ಸ್ವಂತ ಮುದ್ರಣಾಲಯ, 'ಹಿತಚಿಂತಕ'. ಮರುವರ್ಷ 'ಶಿವಾನುಭವ' ಪತ್ರಿಕೆ. ಇದಕ್ಕೆಲ್ಲ ದುಡ್ಡು? ಇದ್ದ ಮನೆಯನ್ನೇ ಮಾರಿದ್ರು. ಬೇರೆಯವರ ಮನೆಯ ಕಟ್ಟುಗಳನ್ನ ಉಳಿಸೋಕೆ ತಮ್ಮ ಮನೆ ಕಳ್ಕೊಂಡ ಮನುಷ್ಯ. ಈಗ ಅವರ ಹುಟ್ಟುಹಬ್ಬ ಜುಲೈ 2 ವಚನ ಸಾಹಿತ್ಯ ಸಂರಕ್ಷಣಾ ದಿನ. ಸರ್ಕಾರವೇ 15 ಸಂಪುಟಗಳಲ್ಲಿ ವಚನಗಳನ್ನ ತಂದಿದೆ. ನೀವು ಸ್ಟೇಟಸ್‌ಗೆ ಹಾಕೋ ಬಸವಣ್ಣನ ವಚನ, ಅಕ್ಕನ ವಚನ ಹಿಂದೆ ಯಾರದ್ದೋ ಜಗಲಿ ಮೇಲಿನ ಬಿಚ್ಚದ ಕಟ್ಟು ಇದೆ.

ಮೈಸೂರಿನದ್ದು ಇನ್ನೂ ಮಜಾ. ಅಲ್ಲಿನ ಓರಿಯೆಂಟಲ್ ಲೈಬ್ರರಿ 1891ರಲ್ಲಿ ಶುರುವಾಗಿದ್ದು. 1905ರಲ್ಲಿ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಬಂದು ಗ್ರಂಥ ಲಿಪಿಯ ತಾಳೆಗರಿ ಕಟ್ಟೊಂದನ್ನ ಕೊಟ್ಟು ಹೋದ್ರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನ ಓದಿದ್ರು. ಕೌಟಿಲ್ಯನ ಅರ್ಥಶಾಸ್ತ್ರ! ಬೇರೆ ಪುಸ್ತಕಗಳಲ್ಲಿ ಹೆಸರು ಮಾತ್ರ ಕೇಳಿಬರ್ತಿದ್ದ, ಪೂರ್ತಿ ಪಠ್ಯ ಕಳೆದೇಹೋಯ್ತು ಅಂತ ವಿದ್ವಾಂಸರು ಅಂದ್ಕೊಂಡಿದ್ದ ಪುಸ್ತಕ. 1909ರಲ್ಲಿ ಸಂಸ್ಕೃತ ಮೂಲ, 1915ರಲ್ಲಿ ಇಂಗ್ಲಿಷ್ ಅನುವಾದ ಹೊರಬಂತು. ನಮ್ಮ ಸಿಲಬಸ್ಸಿನ ಮೌರ್ಯರ ಪಾಠ ಅರ್ಧಕ್ಕರ್ಧ ಅದರ ಮೇಲೆ ನಿಂತಿದೆ. ಶಾಮಶಾಸ್ತ್ರಿಗಳ ಹೆಸರು ಎಲ್ಲ ಪುಸ್ತಕದಲ್ಲೂ ಇದೆ, ಇರಬೇಕಾದ್ದೇ. ಆ ಪಂಡಿತರು 'ತಂಜಾವೂರು ಜಿಲ್ಲೆಯವರು' ಅಷ್ಟೇ ಆಗಿ ಉಳಿದುಬಿಟ್ರು. ನಂಗೆ ಅವರ ಬಗ್ಗೇನೇ ಕುತೂಹಲ. ಹೊಳೆ ಅವರಿಗೂ ಹತ್ತಿರವೇ ಇದ್ದಿರಬೇಕು, ಕಾವೇರಿ ಸೀಮೆ ಅಲ್ವಾ. ಅವರು ಅಲ್ಲಿಗೆ ಹೋಗದೆ ಮೈಸೂರಿಗೆ ಬಂದ್ರು.

6/9

ಆ ರಾತ್ರಿ ನಿದ್ದೆ ಬರಲಿಲ್ಲ, ನಿಜವಾಗ್ಲೂ. ಬೆಳಿಗ್ಗೆ ಎದ್ದು ಮೂರು ರಾಶಿಯನ್ನೂ ಮತ್ತೆ ಬಿಚ್ಚಿದೆ. ಅಮ್ಮ "ಮುಗೀತಾ ನಿಂದು?" ಅಂತ ಸಿಡುಕಿದ್ಲು. ಗುಜರಿಯವರ ಲಗೇಜ್ ಆಟೋ ಮಧ್ಯಾಹ್ನ ಬರೋದಿತ್ತು.

ಈ ಸಲ ಬೇರೆ ಪ್ರಶ್ನೆ ಕೇಳಿದೆ. ಖುಷಿ ಕೊಡುತ್ತಾ ಅಂತ ಅಲ್ಲ. ಇದು ಅಟ್ಟ ಹತ್ತಿದ್ದು ಯಾವಾಗ? ಅಜ್ಜಿಯನ್ನ ಕೂರಿಸಿಕೊಂಡು ಒಂದೊಂದೇ ತೋರಿಸಿದೆ. ಅಷ್ಟರಲ್ಲಿ ಒಂದು ವಿಷಯ ಗೊತ್ತಾಯ್ತು. ನಾವು ಅಂದ್ಕೋತೀವಿ, ವಸ್ತು ಹಾಳಾದಾಗ ಅಟ್ಟಕ್ಕೆ ಹೋಗುತ್ತೆ ಅಂತ. ಸುಮಾರು ವಸ್ತು ಹಾಳೇ ಆಗಿಲ್ಲ. ಬೆಂಗಳೂರಲ್ಲೋ ಡೆಲ್ಲಿಯಲ್ಲೋ ಒಂದು ಕಾನೂನು ಬದಲಾಗಿದೆ, ಇಲ್ಲಿ ಒಂದು ಸಾಮಾನು ಮೇಲೆ ಹೋಗಿದೆ.

ಕಾಸು, ಆಣೆ ತುಂಬಿದ ಒಂದು ಡಬ್ಬಿ: 1957ರಲ್ಲಿ ನಯಾಪೈಸೆ ಬಂತು. ಸೇರು, ಪಾವು, ಚಟಾಕು: 1956ರ ಕಾಯ್ದೆಯಿಂದ ಮೆಟ್ರಿಕ್ ಅಳತೆ, ಮುಂದಿನ ಕೆಲವೇ ವರ್ಷಗಳಲ್ಲಿ ಕಿಲೋ, ಲೀಟರು ಕಡ್ಡಾಯ. ಚಿಕ್ಕ ರಟ್ಟಿನ ಪುಸ್ತಕ, ಒಳಗೆ ಸ್ಟಾಂಪು ಹಚ್ಚಿದ್ದು: ರೇಡಿಯೋ ಲೈಸೆನ್ಸ್. ಹೌದು ಮಾರಾಯ್ರೇ, ಮನೇಲಿ ರೇಡಿಯೋ ಕೇಳೋಕೆ ಲೈಸೆನ್ಸ್ ಬೇಕಿತ್ತು, ವರ್ಷಕ್ಕೊಂದು ಸಲ ಪೋಸ್ಟ್ ಆಫೀಸಲ್ಲಿ ದುಡ್ಡು ಕಟ್ಟಬೇಕಿತ್ತು. ಈಗ ನೋಡಿದ್ರೆ ರೀಚಾರ್ಜ್ ಬೇರೆ ಏನಲ್ಲ.

ಕಾಗದದ ಕಟ್ಟುಗಳು ಯಾವಾಗಿನವು ಅಂತ ಕೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ರು. "ಶಾನುಭೋಗ್ಕೆ ಹೋದಾಗ" ಅಂದ್ರು.

ನಮ್ಮ ಅಜ್ಜ ಆ ಊರಿನ ಕೊನೇ ಶಾನುಭೋಗ. ಲೆಕ್ಕ ಬರೆಯೋ ಕೆಲಸ ಅಪ್ಪನಿಂದ ಮಗನಿಗೆ ಬರ್ತಿತ್ತು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನ ರದ್ದು ಮಾಡ್ತು, 1963ರಿಂದ ಜಾರಿ. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದ್ರು. ಸರ್ಕಾರದ ಪುಸ್ತಕಗಳು ಸರ್ಕಾರಕ್ಕೆ ಹೋದವು, ಮನೆಯ ನಕಲುಗಳು ಅಟ್ಟ ಹತ್ತಿದವು. ಹುಟ್ಟಿನಿಂದ ಬರೋ ಅಧಿಕಾರ ಹೋಗಿದ್ದು ಒಳ್ಳೇದೇ ಆಯ್ತು, ಅದರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ಆ ಕಟ್ಟಿನಲ್ಲಿ ಇರೋದು ಬರೀ ನಮ್ಮಜ್ಜನ ಅಧಿಕಾರ ಅಲ್ಲ. ಇಡೀ ಊರು. ಯಾರ ಗದ್ದೆ, ಯಾವ ವರ್ಷ ಬೆಳೆ ಹೋಯ್ತು, ಯಾರು ಊರು ಬಿಟ್ರು.

ನಾನು ಅದನ್ನ ಸುಡೋ ರಾಶಿಗೆ ಹಾಕಿದ್ದೆ. ಕಾಗದ ಅಲ್ವಾ.

7/9

ಈಗ ಕೊಳಗ. ಏಳನೇ ಫೋಟೋ. ಮರದ್ದು, ಬಾಯಿಗೆ ಕಬ್ಬಿಣದ ಪಟ್ಟಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ನೋಡೋಕೆ ಎಷ್ಟು ಚೆಂದ ಅಂದ್ರೆ, ನಾನು ಇಟ್ಟುಕೊಳ್ಳೋ ರಾಶಿಗೆ ಹಾಕಿ, ಹಾಸ್ಟೆಲ್ಲಿಗೆ ತಂದು ಗಿಡ ಇಡೋಣ ಅಂತ ಪ್ಲಾನ್ ಮಾಡಿದ್ದೆ.

ಇದರ ಹಿಂದಿನ ಕಥೆಗೆ ಸಾಗರದಿಂದ ಸ್ವಲ್ಪವೇ ದೂರದ ಕಾಗೋಡಿಗೆ ಹೋಗಬೇಕು. ಅಲ್ಲಿ ಗದ್ದೆ ಒಡೆಯರದು, ಉಳುಮೆ ಗೇಣಿದಾರರದು. ಗೇಣಿದಾರರಲ್ಲಿ ಬಹಳ ಜನ ದೀವರು. ಸುಗ್ಗಿ ಆದ ಮೇಲೆ ಗೇಣಿಯನ್ನ ಭತ್ತದಲ್ಲಿ ಅಳೀಬೇಕು. ಅಳತೆಗೆ ಯಾರ ಕೊಳಗ? ಒಡೆಯರ ಕೊಳಗ. ಅದು ಸರ್ಕಾರಿ ಅಳತೆಗಿಂತ ದೊಡ್ಡದು. ಮಾತಿನ ಪ್ರಕಾರ ಕೊಡಬೇಕಾದ್ದು ಇಷ್ಟು ಖಂಡುಗ, ನಿಜವಾಗಿ ಹೋಗ್ತಿದ್ದಿದ್ದು ಅದಕ್ಕಿಂತ ಹೆಚ್ಚು. ಲೆಕ್ಕದ ಪುಸ್ತಕದಲ್ಲಿ ಎಲ್ಲಾ ಸರಿ. ಮೋಸ ಇದ್ದಿದ್ದು ಪಾತ್ರೆಯ ಹೊಟ್ಟೆಯಲ್ಲಿ.

ಎಚ್. ಗಣಪತಿಯಪ್ಪನವರು ಕಟ್ಟಿದ ಸಾಗರ ತಾಲ್ಲೂಕಿನ ರೈತ ಸಂಘ ಇದನ್ನ ಪ್ರಶ್ನೆ ಮಾಡ್ತು. ಸರ್ಕಾರಿ ಕೊಳಗದಲ್ಲೇ ಅಳೀತೀವಿ ಅಂದ್ರು ಗೇಣಿದಾರರು. ಒಡೆಯರು ಗದ್ದೆಯನ್ನೇ ಬಿಡಿಸೋಕೆ ಹೊರಟ್ರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರು. ತಾವು ಉಳ್ತಿದ್ದ ಗದ್ದೆಗೇ ನೇಗಿಲು ಹೊತ್ತು ಇಳಿಯೋದು, ಪೊಲೀಸರು ಹಿಡಿದು ಒಯ್ಯೋದು, ಮರುದಿನ ಇನ್ನೊಂದು ತಂಡ. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ್ರು. ಈ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಮರುವರ್ಷ, 1952ರಲ್ಲಿ, ಸಾಗರ-ಹೊಸನಗರದಿಂದ ವಿಧಾನಸಭೆಗೆ ಗೆದ್ದರು.

1974ರ ಮಾರ್ಚ್‌ನಿಂದ ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಅಂತ ನಾವು ಪರೀಕ್ಷೆಗೆ ಬರೀತೀವಲ್ಲ, ಅದು. ಆದ್ರೆ ಅದು ತಾನಾಗೇ ಆಗಲಿಲ್ಲ. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಗೆ ಕೊಡಬೇಕು, ಈ ಗದ್ದೆ ಉಳ್ತಿದ್ದವನು ನಾನೇ ಅಂತ ತೋರಿಸಬೇಕು. ಗೇಣಿ ಚೀಟಿ, ಪಹಣಿಯಲ್ಲಿ ಹೆಸರು, ಸಾಕ್ಷಿ. ಎಷ್ಟೋ ಗೇಣಿ ಬಾಯಿಮಾತಿನದು, ಚೀಟಿ ಕೊಟ್ಟೇ ಇರಲಿಲ್ಲ. ಕೊಟ್ಟಿದ್ರೂ ಒಂದು ಕೋಣೆಯ ಸೋರೋ ಮನೆಯಲ್ಲಿ ಇಪ್ಪತ್ತು ವರ್ಷ ಕಾಗದ ಕಾಪಾಡೋದು ಹೇಗೆ? ಅಟ್ಟ, ಪೆಟ್ಟಿಗೆ, ಬೀಗ ಇದ್ದವರ ಮನೆಯಲ್ಲಿ ಕಾಗದ ಉಳೀತು. ಅದಿಲ್ಲದವರು ಅಕ್ಕಪಕ್ಕದವರ ಸಾಕ್ಷಿ ನಂಬಿಕೊಂಡು ನಿಂತ್ರು. 'ಬೇಡದ ಕಾಗದ' ಅನ್ನೋ ಮಾತು ನಂಗೆ ಆಮೇಲಿಂದ ಸಲೀಸಾಗಿ ಬರ್ತಿಲ್ಲ.

8/9

ಮಧ್ಯಾಹ್ನ ಸಾಮಾನು ಇಳಿಸೋಕೆ ಕೈ ಜೋಡಿಸೋಕೆ ಅಂತ ಕೆಳಗಿನ ಕೇರಿಯ ಒಬ್ಬ ಅಜ್ಜ ಬಂದಿದ್ರು. ಎಂಬತ್ತರ ಮೇಲೆ ವಯಸ್ಸು, ಏಣಿ ಹಿಡಿಯೋ ಗಟ್ಟಿ ಕೈ. ಅವರಪ್ಪ ನಮ್ಮ ಮನೆಯ ಗದ್ದೆ ಗೇಣಿಗೆ ಮಾಡ್ತಿದ್ರಂತೆ. ಈಗ ಅದು ಅವರದ್ದೇ ಗದ್ದೆ. ಇದು ನಂಗೆ ಆವತ್ತೇ ಗೊತ್ತಾಗಿದ್ದು.

ಕೊಳಗ ಕೆಳಗೆ ಬಂದ ತಕ್ಷಣ ಕೈಯಲ್ಲಿ ಹಿಡಿದು ತಿರುಗಿಸಿದ್ರು. ಒಳಗೆ ಕೈ ಹಾಕಿ ತಳ ಮುಟ್ಟಿ ನೋಡಿದ್ರು.

"ಇದು ಇನ್ನೂ ಇದ್ಯ" ಅಂದ್ರು.

ನಾನು ಪೆದ್ದಿ ಥರ ಕೇಳಿದೆ, "ಅಜ್ಜಾ, ಇದು ಸರಿ ಅಳತೇದಾ?"

ಅವರು ಮಾವನ ಮುಖ ನೋಡಿದ್ರು. ಮಾವ ಏನೂ ಹೇಳಲಿಲ್ಲ. ಅಜ್ಜ ಎದ್ದು ಹೋದ್ರು. ಬೇಜಾರಾಯ್ತೇನೋ ಅಂದ್ಕೊಂಡ್ವಿ. ಅರ್ಧ ಗಂಟೆ ಬಿಟ್ಟು ವಾಪಸ್ ಬಂದ್ರು, ಕಂಕುಳಲ್ಲಿ ಇನ್ನೊಂದು ಕೊಳಗ. ಅವರ ಮನೆಯದು. ಬದಿಯಲ್ಲಿ ಸರ್ಕಾರಿ ಮುದ್ರೆ ಒತ್ತಿದ ಗುರುತು, ಸವೆದು ಹೋಗಿದೆ, ಆದ್ರೂ ಕಾಣುತ್ತೆ.

"ಅಕ್ಕಿ ತಾ" ಅಂದ್ರು ನಂಗೆ.

ಅಮ್ಮ ಅಕ್ಕಿ ಡಬ್ಬಿ ತಂದ್ಲು. ನಮ್ಮ ಕೊಳಗ ತುಂಬಿಸಿದ್ರು. ಕೋಲಿನಿಂದ ಮಟ್ಟ ಎಳೆದ್ರು, ಒಂದು ಕಾಳು ಹೆಚ್ಚಿಲ್ಲ. ಆಮೇಲೆ ಅದನ್ನ ಅವರ ಕೊಳಗಕ್ಕೆ ನಿಧಾನಕ್ಕೆ ಸುರಿದ್ರು. ತುಂಬ್ತು. ಇನ್ನೂ ಸುರಿದ್ರು. ಗೋಪುರ ಆಗಿ, ಸುತ್ತ ಜಾರಿ, ನೆಲದ ಮೇಲೆ ಚೆಲ್ಲೋಕೆ ಶುರುವಾಯ್ತು. ಅವರು ನಿಲ್ಲಿಸಲಿಲ್ಲ, ನಮ್ಮ ಕೊಳಗ ಪೂರ್ತಿ ಬರಿದಾಗೋವರೆಗೆ ಸುರಿದ್ರು.

ಯಾರೂ ಮಾತಾಡಲಿಲ್ಲ. ನಂಗೆ ಫೋಟೋ ತೆಗೆಯೋಕೂ ಧೈರ್ಯ ಬರಲಿಲ್ಲ. ಅದಕ್ಕೇ ಈ ಪೋಸ್ಟಿಗೆ ಫೋಟೋ ಇಲ್ಲ, ಬರೀ ಕಪ್ಪು ಸ್ಲೈಡ್.

ಚೆಲ್ಲಿದ ಅಕ್ಕಿಯನ್ನ ಅಜ್ಜ ಕೈಯಲ್ಲೇ ಮೊರಕ್ಕೆ ಬಳಿದು ನಮ್ಮಜ್ಜಿ ಮುಂದೆ ಹಿಡಿದ್ರು. "ತಗಳ್ಳಿ ಅಮ್ಮ." ಅಜ್ಜಿ ಕೈ ಚಾಚಲಿಲ್ಲ. "ನಿಮ್ದೇ ಅದು" ಅಂದ್ರು. ಅಜ್ಜ ನಕ್ಕು ಮೊರ ಅಲ್ಲೇ ಕಟ್ಟೆ ಮೇಲೆ ಇಟ್ಟು, "ಆಟೋ ಬಂತು, ಹಂಡೆ ಹಿಡೀರಿ" ಅಂತ ಎದ್ರು. ಸಂಜೆವರೆಗೂ ಮೊರ ಅಲ್ಲೇ ಇತ್ತು.

9/9

ಕೆಲವರು ಡಿಎಮ್‌ನಲ್ಲಿ ಕೇಳಿದ್ದಕ್ಕೆ: ಮಾಡು ಇಳಿದಾಯ್ತು, ಅಟ್ಟ ಇಲ್ಲ. ಹಂಡೆ, ಲಾಟೀನು ಗುಜರಿಗೆ ಹೋದವು, ಅದರಲ್ಲಿ ನಂಗೆ ಬೇಜಾರಿಲ್ಲ. ಎಲ್ಲಾ ಇಟ್ಕೊಂಡ್ರೆ ಮನೇಲಿ ನಾವೆಲ್ಲಿ ಇರೋದು? ಕಂಬಳಿ ಹಸುವಿಗೆ. ಕೊಳಗ ಗಿಡದ ಕುಂಡ ಆಗಲಿಲ್ಲ. ಮಾವ ಅದನ್ನ ಹೊಸ ಮನೆಯ ಜಗುಲಿಯಲ್ಲೇ ಇಡ್ತೀನಿ ಅಂದಿದ್ದಾರೆ. ಬಂದವರು ಕೇಳಿದ್ರೆ ಏನು ಹೇಳ್ತಾರೋ ನೋಡಬೇಕು.

ಕಾಗದದ ಕಟ್ಟುಗಳು ಈಗ ಒಣಗಿದ ಪೆಟ್ಟಿಗೆಯಲ್ಲಿ, ಮಧ್ಯೆ ಮಧ್ಯೆ ಬೇವಿನ ಎಲೆ. ಪ್ರತಿ ಹಾಳೆ ಫೋಟೋ ತೆಗೀತಿದ್ದೀನಿ, ವಾರಕ್ಕೊಂದು ಕಟ್ಟು. ಫೋಟೋ ತೆಗೆಯೋದು ಅಂದ್ರೂ ಒಂಥರಾ ಪ್ರತಿ ಮಾಡೋದೇ, ಆದ್ರೆ ಬರೆಯೋವಾಗ ಓದ್ತಿದ್ರು, ನಾನು ಓದ್ತಿಲ್ಲ. ಓದೋಕೆ ಬರಲ್ಲ. ಪದದ ಮಧ್ಯೆ ಜಾಗ ಬಿಡದೆ ಕೂಡಿಸಿ ಬರೆದ ಅಕ್ಷರ. 'ವರಹ', 'ಹಣ' ಅನ್ನೋದು ಮಾತ್ರ ಗುರುತು ಸಿಗ್ತಿದೆ. ಕೆಳದಿಯಲ್ಲಿ ಗುಂಡಾ ಜೋಯಿಸರು ಜೀವಮಾನ ಇಡೀ ಕೂಡಿಟ್ಟ ತಾಳೆಗರಿ, ಹಳೇ ಕಾಗದಗಳ ಮ್ಯೂಸಿಯಂ ನಮ್ಮೂರಿಂದ ದೂರವೇನಲ್ಲ. ಮುಂದಿನ ರಜೆಗೆ ಕಡತ ತಗೊಂಡು ಅಲ್ಲಿಗೇ ಹೋಗೋದು. ಒಣ ಬಟ್ಟೆಯಲ್ಲಿ ಸುತ್ತಿಟ್ಟಿದ್ದೀನಿ.

ಕೊನೇ ಫೋಟೋ ಕಡತದ್ದು, ಪೂರ್ತಿ ಬಿಚ್ಚಿ ಹಾಸಿರೋದು. ಎಡಗಡೆಯ ಎರಡೂವರೆ ಮಡಿಕೆ ನೋಡಿ, ನೀಟಾಗಿ ಕಪ್ಪಗೆ ಹೊಳೀತಿದೆ. ಅಲ್ಲಿಂದ ಮುಂದೆ ಅಕ್ಷರ ಶುರು, ಒಂದು ವಾಕ್ಯದ ಮಧ್ಯದಿಂದ. ಝೂಮ್ ಮಾಡಿ. ನಿಮ್ಮನೇಲಿ ಇಂಥ ಬರಹ ಓದೋ ಅಜ್ಜ, ಅಜ್ಜಿ ಯಾರಾದ್ರೂ ಇದ್ರೆ ಅವರಿಗೊಂದು ಸಲ ತೋರಿಸಿ, ಮೊದಲನೇ ಪದ ಏನು ಅಂತ ನಂಗೆ ಹೇಳ್ತೀರಾ?

#ಅಟ್ಟ #ಕಡತ #ಕಾಗೋಡು #ಅಜ್ಜಿಮನೆ